ಹಂಡೆ ತುಂಬಿಸುವ ಅವ್ವ, ಸಹಿ ಕೇಳುವ ಗುಮಾಸ್ತ, ಭತ್ತ ಬಿಡದ ದೊಡ್ಡಪ್ಪ

ನಮ್ಮವ್ವ ಈಗಲೂ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಬಚ್ಚಲುಮನೆಯ ತಾಮ್ರದ ಹಂಡೆ ತುಂಬಿಸುತ್ತಾಳೆ. ಹಂಡೆ ಆದಮೇಲೆ ಎರಡು ಬಿಂದಿಗೆ, ಅದಾದಮೇಲೆ ಹಿತ್ತಿಲಿನ ನೀಲಿ ಡ್ರಮ್ಮು. ನಾವು ಮಂಡ್ಯ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆಯ ನಲ್ಲಿಗೆ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಅದೂ ಬೆಳಗಿನ ಜಾವ, ಅದೂ ಒಂದೇ ಗಂಟೆ. ಎದ್ದವರಿಗೆ ನೀರು, ಮಲಗಿದವರಿಗೆ ಪಕ್ಕದ ಮನೆ ಬಾಗಿಲಲ್ಲಿ ಬಿಂದಿಗೆ ಹಿಡಿದು ಹಲ್ಲು ಗಿಂಜುವ ಭಾಗ್ಯ. ಈಗ ಕುವೆಂಪುನಗರದಲ್ಲಿ ಸ್ವಂತ ಮನೆ. ಕೆಳಗೆ ಸಂಪು, ಮೇಲೆ ಟ್ಯಾಂಕು, ಯಾವಾಗ ನಲ್ಲಿ ತಿರುಗಿಸಿದರೂ ನೀರು. ಆದರೂ ಹಂಡೆ ತುಂಬಲೇಬೇಕು. ತಮಾಷೆ ಏನಂದ್ರೆ ಅವ್ವ ಈಗ ತುಂಬಿಸುವುದು ನಮ್ಮದೇ ಟ್ಯಾಂಕಿನ ನೀರನ್ನು. ಮೇಲೆ ಕೂಡಿಟ್ಟಿದ್ದನ್ನು ಕೆಳಗಿಳಿಸಿ ಮತ್ತೆ ಕೂಡಿಡುವುದು!

ಯಾಕವ್ವಾ ಅಂದರೆ, "ನೀರು ಯಾವಾಗ ನಿಂತೋಯ್ತದೋ ಕಂಡೋರ್ಯಾರಪ್ಪ" ಅನ್ನುತ್ತಾಳೆ. ನಿಂತಿದ್ದೂ ಉಂಟು. ಒಂದು ಸಲ ಹಬ್ಬದ ಹಿಂದಿನ ದಿನ ಮೋಟರ್ ಸುಟ್ಟುಹೋಯ್ತು, ಮನೆ ತುಂಬಾ ನೆಂಟರು, ಮಾರನೇ ದಿನ ಎಲ್ಲರ ಸ್ನಾನ ಆಗಿದ್ದು ಆ ಹಂಡೆಯ ನೀರಲ್ಲೇ. ಅವತ್ತಿಂದ ನನ್ನ ಬಾಯಿ ಬಂದ್. ಈ ಮನೆಗೆ ಬಂದು 11 ವರ್ಷ. ಲೆಕ್ಕ ಹಾಕಿದರೆ ನಾಲ್ಕು ಸಾವಿರ ಬೆಳಗು, ಕೆಲಸಕ್ಕೆ ಬಂದಿದ್ದು ಒಂದು ಬೆಳಗು. ಇದನ್ನೇ ಒಂದಿನ ಹೇಳಿದೆ. ನನ್ನ ಹೆಂಡತಿ ಒಳಗಿಂದಲೇ, "ನೀವು ಸ್ಕೂಟರಿಗೆ ಹನ್ನೆರಡು ವರ್ಷದಿಂದ ಇನ್ಶೂರೆನ್ಸ್ ಕಟ್ತಿದ್ದೀರಲ್ಲ, ಎಷ್ಟು ಸಲ ಬಿದ್ರಿ?" ಅಂದಳು. ಅತ್ತೆ ಸೊಸೆ ಒಂದಾಗುವುದು ವರ್ಷಕ್ಕೆ ಒಂದೋ ಎರಡೋ ಸಲ. ಅದು ಯಾವಾಗಲೂ ಇಂಥ ಹೊತ್ತಲ್ಲೇ.

ಸಂದರ್ಭ ಬದಲಾದರೂ ಜನ ಹಳೇ ನಿಯಮ ಯಾಕೆ ಬಿಡುವುದಿಲ್ಲ ಅನ್ನುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಬೆಕ್ಕಿನ ಕಥೆ ಹೇಳುತ್ತಾರೆ. ನಿಮಗೂ ಗೊತ್ತಿರುತ್ತೆ. ತಿಥಿ ದಿನ ಅಡ್ಡಾಡುತ್ತಿದ್ದ ಬೆಕ್ಕನ್ನು ಅಪ್ಪ ಬುಟ್ಟಿಯಡಿ ಮುಚ್ಚಿಟ್ಟಿದ್ದ, ಮಗ ಅದೇ ಶಾಸ್ತ್ರ ಅಂದುಕೊಂಡು ಮುಂದಿನ ವರ್ಷ ಎಲ್ಲಿಂದಲೋ ಬೆಕ್ಕು ಹಿಡಿದು ತಂದ. ಕಥೆ ಚೆನ್ನಾಗಿದೆ, ನಗುವೂ ಬರುತ್ತೆ. ವಾಟ್ಸ್‌ಆ್ಯಪಿನಲ್ಲಿ ಸುತ್ತುವ ಐದು ಕೋತಿ, ಏಣಿ, ಬಾಳೆಹಣ್ಣಿನ ಕಥೆಯೂ ಇದೇ ಜಾತಿ: ಏಣಿ ಹತ್ತುವ ಹೊಸ ಕೋತಿಗೆ ಉಳಿದವು ಒದೆಯುತ್ತವೆ, ಯಾಕೆ ಅಂತ ಒಂದಕ್ಕೂ ಗೊತ್ತಿಲ್ಲ. ನನಗೆ ಈ ಕಥೆಗಳ ಮೇಲೆ ಒಂದು ಸಿಟ್ಟಿದೆ. ಇವು ಹೇಳುವುದು ಇಷ್ಟೇ: ನಿಯಮ ಪಾಲಿಸುವವನು ದಡ್ಡ, ಕಥೆ ಹೇಳುತ್ತಿರುವ ನಾನು ಬುದ್ಧಿವಂತ. ನಾನು ಕಂಡ ಹಾಗೆ ಹಳೇ ನಿಯಮ ಪಾಲಿಸುವವರಲ್ಲಿ ಮುಕ್ಕಾಲು ಜನಕ್ಕೆ ಅದರ ಕಾಲ ಮುಗಿದಿದೆ ಅಂತ ಚೆನ್ನಾಗೇ ಗೊತ್ತಿರುತ್ತೆ. ಗೊತ್ತಿದ್ದೂ ಬಿಡುವುದಿಲ್ಲ. ಅಲ್ಲೇ ಇರೋದು ವಿಷಯ.

ಹೋದ ವರ್ಷ ಅಕ್ಕನ ಮಗನ ಅರ್ಜಿ ಕೊಡಲು ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಬೇಡ, ಎಲ್ಲ ಕಡೆ ಇದೇ ಕಥೆ. ಅಂಕಪಟ್ಟಿಯ ಜೆರಾಕ್ಸಿಗೆ ಗೆಜೆಟೆಡ್ ಆಫೀಸರ್ ಸಹಿ ಬೇಕು ಅಂದರು. ನಾವು ಓದುವಾಗ ಈ ಸಹಿಗಾಗಿ ಎಷ್ಟು ಅಲೆದಿದ್ದೇವೆ ಅಂತ ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಹಸಿರು ಇಂಕಿನ ಸಹಿ, ಕೆಳಗೆ ದುಂಡು ಸೀಲು. ಅದಕ್ಕೊಂದು ಕಾರಣವೂ ಇತ್ತು. ಜೆರಾಕ್ಸ್ ಇಲ್ಲದ ಕಾಲದಲ್ಲಿ ನಕಲು ಅಂದರೆ ಕೈಯಲ್ಲಿ ಬರೆದದ್ದು, ಇಲ್ಲವೇ ಟೈಪ್ ಮಾಡಿಸಿದ್ದು. ಅಂಕ ಒಂದೆರಡು ಜಾಸ್ತಿ ಟೈಪ್ ಆಗಿಬಿಟ್ಟರೆ ಕೇಳುವವರ್ಯಾರು? ಮೂಲ ಪತ್ರ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ "ಟ್ರೂ ಕಾಪಿ" ಅಂತ ಹೇಳಲು ಒಬ್ಬ ಜವಾಬ್ದಾರಿಯ ಮನುಷ್ಯ ಬೇಕಿತ್ತು. ಈಗ ಮೂಲ ಅಂಕಪಟ್ಟಿ ಅದೇ ಮೇಜಿನ ಮೇಲಿದೆ, ಗುಮಾಸ್ತರೇ ನೋಡುತ್ತಿದ್ದಾರೆ. ಸ್ವಯಂ ದೃಢೀಕರಣ ಸಾಕು ಅಂತ ಕೇಂದ್ರ ಸರ್ಕಾರ ಹೇಳಿ ಹತ್ತು ವರ್ಷ ದಾಟಿದೆ.

ಇದನ್ನೆಲ್ಲ ಹೇಳಿದೆ. ಆ ಗುಮಾಸ್ತರು ಕೂಗಾಡಲಿಲ್ಲ, ಒಳ್ಳೆಯವರು. ಧ್ವನಿ ತಗ್ಗಿಸಿ, "ಸಾರ್, ಬೇಕಿಲ್ಲ ಅಂತ ನಂಗೂ ಗೊತ್ತು. ಸಹಿ ಇದ್ರೆ ಯಾಕಿದೆ ಅಂತ ಯಾರೂ ಕೇಳಲ್ಲ. ಇಲ್ದೇ ಇದ್ರೆ ನಾಳೆ ಆಡಿಟ್‌ನೋರು ಬಂದು ಯಾಕಿಲ್ಲ ಅಂತಾರೆ. ಆಗ ಉತ್ತರ ಕೊಡೋನು ನಾನು" ಅಂದರು.

ನಾನು ಈ ಮಾತನ್ನು ಎಷ್ಟೋ ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಎಷ್ಟು ಸರಿಯಾಗಿ ಹೇಳಿಬಿಟ್ಟರು ನೋಡಿ. ನಿಯಮ ಪಾಲಿಸಿ ತಪ್ಪಾದರೆ ಅದು ನಿಯಮದ ತಪ್ಪು, ಬಿಟ್ಟು ತಪ್ಪಾದರೆ ಅದು ನಿನ್ನ ತಪ್ಪು. ನೌಕರಿ ಮಾಡುವ ಮನುಷ್ಯ ಯಾವುದನ್ನು ಆರಿಸಿಕೊಳ್ಳುತ್ತಾನೆ? ಅದರಲ್ಲಿ ದಡ್ಡತನ ಎಲ್ಲಿದೆ? ಹೊಸ ನಿಯಮ ಬರುವಾಗ ಸುತ್ತೋಲೆ ಬರುತ್ತೆ, ಬೋರ್ಡು ಬೀಳುತ್ತೆ, ಮೇಲಧಿಕಾರಿ ಮೀಟಿಂಗ್ ಕರೆದು ಹೇಳುತ್ತಾರೆ. ಹಳೇದು ಹೋಗುವಾಗ ಇಷ್ಟು ಸದ್ದು ಆಗುವುದಿಲ್ಲ. ಎಲ್ಲೋ ಒಂದು ಕಾಗದ ಬಂದಿರುತ್ತೆ, ಅದು ಯಾರದೋ ಫೈಲಿನ ಒಳಗೆ ಹೋಗಿರುತ್ತೆ.

ಆದರೆ ಅವತ್ತು ನನ್ನ ಹಿಂದೆ ನಿಂತಿದ್ದವರು ತಿ. ನರಸೀಪುರ ಕಡೆಯ ಒಬ್ಬ ಯಜಮಾನರು. ಮಗಳ ಅರ್ಜಿಗೆ ಬಂದಿದ್ದರು, ಗಾರೆ ಕೆಲಸ. ಅದೇ ಸಹಿಗಾಗಿ ಅದು ಅವರ ಎರಡನೇ ಬರುವಿಕೆ. ಒಂದು ದಿನದ ಕೂಲಿ ಹೋದ ವಾರ ಹೋಗಿತ್ತು, ಇನ್ನೊಂದು ಅವತ್ತು. ಗುಮಾಸ್ತರಿಗೆ ಆ ಸಹಿಯಿಂದ ನೆಮ್ಮದಿ, ಅದಕ್ಕೆ ದುಡ್ಡು ಕೊಟ್ಟವರು ಈ ಯಜಮಾನರು. ನಮ್ಮವ್ವನ ಹಂಡೆಗೂ ಈ ಸಹಿಗೂ ನನಗೆ ವ್ಯತ್ಯಾಸ ಹೊಳೆದಿದ್ದು ಅಲ್ಲಿ, ಆ ಸಾಲಿನಲ್ಲಿ. ಹಂಡೆಯ ಬೆಲೆ ಅವ್ವನೇ ಕಟ್ಟುತ್ತಾಳೆ, ತನ್ನ ನಿದ್ದೆಯಿಂದ. ಬೇಡ ಅನಿಸಿದ ದಿನ ಅವಳೇ ಬಿಡಬಹುದು. ಇಲ್ಲಿ ಬಿಡಬಹುದಾದವರು ಒಬ್ಬರು, ಬೆಲೆ ಕಟ್ಟುವವರು ಇನ್ನೊಬ್ಬರು. ಹಾಗಿದ್ದಾಗ ನಿಯಮ ಯಾಕೆ ಹೋಗುತ್ತೆ? ನೂರು ವರ್ಷವಾದರೂ ಹೋಗುವುದಿಲ್ಲ.

ಯಾರಿಗೂ ಅಷ್ಟೇನೂ ನೋವಾಗದಿದ್ದರೂ ಉಳಿದುಬಿಡುತ್ತೆ, ಅದು ಬೇರೆ ಮಾತು. ಕೇಂದ್ರ ಬಜೆಟ್ ನೆನಪಿದೆಯಾ? 1998ರವರೆಗೂ ಸಂಜೆ 5 ಗಂಟೆಗೆ ಓದುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಲಂಡನ್ನಿನ ಗಡಿಯಾರಕ್ಕೆ ಹೊಂದಿಕೆಯಾಗಲಿ ಅಂತ ಬಂದ ಪದ್ಧತಿ. ಅವರು ಹೋಗಿ 50 ವರ್ಷ ಕಳೆದ ಮೇಲೆ, 1999ರಲ್ಲಿ, ಆಗಿನ ಹಣಕಾಸು ಮಂತ್ರಿ ಯಶವಂತ ಸಿನ್ಹಾ ಅದನ್ನು ಬೆಳಗ್ಗೆ 11ಕ್ಕೆ ತಂದರು. ಅಲ್ಲಿಯವರೆಗೆ ಯಾರಿಗೂ ಅರ್ಜೆಂಟ್ ಇರಲಿಲ್ಲ, ಅಷ್ಟೇ.

ಈಗ ದೊಡ್ಡಪ್ಪನ ವಿಷಯಕ್ಕೆ ಬರ್ತೀನಿ. ಇದು ನನ್ನ ಬುದ್ಧಿವಂತಿಕೆಗೆ ಬಿದ್ದ ಏಟು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಊರಿನ ಗದ್ದೆಗಳು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕೆಳಗೆ ಬರುತ್ತವೆ. ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್. ಅಣೆಕಟ್ಟು) ತುಂಬಿ, ನಾಲೆಗೆ ನೀರು ಬಿಟ್ಟು, ಒಟ್ಲು (ಭತ್ತದ ಸಸಿಮಡಿ) ಹಾಕಿ, ನಾಟಿ ಮಾಡುವುದು. ಮಂಡ್ಯದ ಕಡೆ ಮಕ್ಕಳಿಗೆ ಮಗ್ಗಿ ಬರುವುದಕ್ಕೆ ಮುಂಚೆ 124.80 ಅನ್ನುವ ಸಂಖ್ಯೆ ಗೊತ್ತಿರುತ್ತೆ. ಕಟ್ಟೆ ತುಂಬಿದರೆ ಅಷ್ಟು ಅಡಿ. 2023ರಲ್ಲಿ ಮಳೆ ಕೈಕೊಟ್ಟಿತು, ಕಟ್ಟೆ ತುಂಬಲೇ ಇಲ್ಲ. ತಮಿಳುನಾಡಿಗೆ ಕಾವೇರಿ ನೀರು ಬಿಡಬಾರದು ಅಂತ ಆ ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್ ಆಯಿತು, ಆಮೇಲೆ ಬೆಂಗಳೂರು ಬಂದ್, ಕರ್ನಾಟಕ ಬಂದ್. ಅಷ್ಟರಲ್ಲಿ ಊರಿಗೆ ಹೋಗಿದ್ದವನು ದೊಡ್ಡಪ್ಪನ ಮುಂದೆ ಕೂತು ಉಪದೇಶ ಶುರು ಮಾಡಿದೆ. ನೀರೇ ಇಲ್ಲ ಅಂದಮೇಲೆ ಭತ್ತ ಯಾಕೆ ದೊಡ್ಡಪ್ಪ, ರಾಗಿ ಹಾಕು, ಹುರುಳಿ ಹಾಕು, ತಾತ ಭತ್ತ ಹಾಕ್ತಿದ್ದ ಅಂತ ನೀನೂ ಹಾಕಬೇಕಾ, ಕಾಲ ಬದಲಾಗಿದೆ, ಅದೂ ಇದೂ. ಮೈಸೂರಿನಲ್ಲಿ ಕೂತು ಸಂಬಳ ತಗೊಳ್ಳುವವನಿಗೆ ಇಂಥ ಮಾತು ಬಹಳ ಸಲೀಸು.

ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, "ಬಾ ಇಲ್ಲಿ" ಅಂತ ಗದ್ದೆ ಬದಿಗೆ ಕರ್ಕೊಂಡು ಹೋದರು. "ನೋಡ್ಲಾ, ಮೇಲ್ಗದ್ದೆ ಯಾರ್ದು? ಕೆಳ್ಗದ್ದೆ ಯಾರ್ದು? ಮೇಲಿನೋನು ಭತ್ತಕ್ಕೆ ನೀರು ಕಟ್ಟುದ್ರೆ ಬದ ಒಳಗಿಂದ ಜಿನುಗಿ ನನ್ ಗದ್ದೆ ಜೌಗು ಆಯ್ತದೆ. ಜೌಗಲ್ಲಿ ರಾಗಿ ಬಂದದಾ? ನಾನು ನೀರು ಕಟ್ನಿಲ್ಲ ಅಂದ್ರೆ ಕೆಳಗಿನೋನು ನೀರಿಗೆ ಏನ್ ಮಾಡಾನು? ಅವ್ನಿಗೆ ನೀರು ಹೋಗೋದೇ ನನ್ ಗದ್ದೆ ಮೇಲೆ."

ನಾನು ಸುಮ್ನೆ ನಿಂತಿದ್ದೆ. ಹೌದಲ್ಲ! ನಮ್ಮ ಕಡೆ ಎಷ್ಟೋ ಗದ್ದೆಗಳಿಗೆ ನೇರ ಕಾಲುವೆಯೇ ಇಲ್ಲ, ತೂಬಿನಿಂದ ಬಂದ ನೀರು ಗದ್ದೆಯಿಂದ ಗದ್ದೆಗೆ ಇಳಿಯಬೇಕು. ಆಮೇಲೆ ಇನ್ನೂ ಸೇರಿಸಿದರು. ನಾಟಿ ಆಳುಗಳು ಬರುವುದು ಇಡೀ ಬಯಲಿಗೆ ಒಟ್ಟಿಗೆ, ನಿನ್ನೊಬ್ಬನ ಹತ್ತು ಗುಂಟೆಗೆ ಬೇರೆ ದಿನ ಬಾ ಅಂದರೆ ಬರಲ್ಲ. ಕಟಾವು ಮಷಿನ್ನು ನಡುವಿನ ಗದ್ದೆಗೆ ಇಳಿಯಬೇಕಾದರೆ ಸುತ್ತಲಿನ ಗದ್ದೆ ಕೊಯ್ದಿರಬೇಕು. ಭತ್ತಕ್ಕೆ ಮಿಲ್ಲು ಗೊತ್ತು, ವ್ಯಾಪಾರಿ ಗೊತ್ತು, ದನಕ್ಕೆ ಹುಲ್ಲು ಸಿಗುತ್ತೆ. ಬಯಲಿನೋರೆಲ್ಲ ಒಂದೇ ಸಲ ರಾಗಿ ಅಂದರೆ ದೊಡ್ಡಪ್ಪನೂ ರಾಗಿ. ಒಬ್ಬನೇ ಆದರೆ ಅವನು ಜಾಣನಲ್ಲ, ಬೆಳೆ ಕಳ್ಕೊಂಡ ಬೆಪ್ಪ.

ದೊಡ್ಡಪ್ಪನ ಜಾಗದಲ್ಲಿ ಬೆಲೆ ಕಟ್ಟುವವನೂ ಅವನೇ, ಬಿಡಲು ಮನಸ್ಸಿರುವವನೂ ಅವನೇ. ಆದರೂ ಬಿಡಲಾರ. ಗುಮಾಸ್ತರದ್ದು ಒಂಥರ, ಇದು ಇನ್ನೊಂಥರ. ಹೊರಗಿನಿಂದ ನೋಡುವವರಿಗೆ ಮಾತ್ರ ಎರಡೂ "ಹಳೇ ಚಾಳಿ".

ಒಬ್ಬರೇ ಬಿಡಲಾಗದ ನಿಯಮ ಬದಲಾಗಬೇಕಾದರೆ ಎಲ್ಲರಿಗೂ ಒಂದೇ ದಿನ, ಒಂದೇ ಗಂಟೆ ಬೇಕು. ಸ್ವೀಡನ್ನಿನವರು ನಮ್ಮ ಹಾಗೆ ರಸ್ತೆಯ ಎಡಕ್ಕೆ ಓಡಿಸುತ್ತಿದ್ದರು. ಅಕ್ಕಪಕ್ಕದ ನಾರ್ವೆ, ಫಿನ್ಲೆಂಡಿನವರೆಲ್ಲ ಬಲಕ್ಕೆ. ಇವರ ಕಾರುಗಳಲ್ಲೇ ಬಹುಪಾಲಿನ ಸ್ಟೀರಿಂಗ್ ಎಡಗಡೆ ಇತ್ತು, ಅಂದರೆ ಬಲಕ್ಕೆ ಓಡಿಸುವ ದೇಶದ ಕಾರು. ಆದರೂ 1955ರಲ್ಲಿ ಜನರನ್ನು ಕೇಳಿದರೆ ನೂರಕ್ಕೆ 80ಕ್ಕೂ ಜಾಸ್ತಿ ಮಂದಿ ಬೇಡ ಅಂದರು. ಕೊನೆಗೆ ಸರ್ಕಾರವೇ ತೀರ್ಮಾನ ಮಾಡಿ 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ 5 ಗಂಟೆಗೆ ಇಡೀ ದೇಶವನ್ನು ಬಲಕ್ಕೆ ತಂದಿತು. ಯೋಚನೆ ಮಾಡಿ, ಬಲಕ್ಕೆ ಹೋಗುವುದೇ ಸರಿ ಅಂತ ಹಿಂದಿನ ದಿನ ಒಬ್ಬನೇ ಹೊರಟಿದ್ದರೆ? ದೊಡ್ಡಪ್ಪನ ರಾಗಿ ಗತಿಯೇ.

ನಮ್ಮಲ್ಲೂ 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಬಂತು. ಲೆಕ್ಕದ ಪುಸ್ತಕ ಬದಲಾಯ್ತು. ನಾಲಿಗೆ ಬದಲಾಗಲಿಲ್ಲ. 25 ಪೈಸೆ ನಾಲ್ಕಾಣೆ, 50 ಪೈಸೆ ಎಂಟಾಣೆ. 2011ರ ಜೂನ್ ಮುಗಿದ ಮೇಲೆ ನಾಲ್ಕಾಣೆ ನಾಣ್ಯವೇ ಚಲಾವಣೆಯಿಂದ ಹೋಯ್ತು, "ನಾಲ್ಕಾಣೆ ಬುದ್ಧಿ ಇಲ್ಲ" ಅನ್ನುವ ಬೈಗುಳ ಮಾತ್ರ ನಮ್ಮ ಮನೆಯಲ್ಲಿ ಗಟ್ಟಿಯಾಗಿದೆ. ಅದರ ಉಲ್ಟಾ ನೋಡಬೇಕಾದರೆ 10 ರೂಪಾಯಿ ನಾಣ್ಯ. ಕಾನೂನು ಪ್ರಕಾರ ನಡೆಯುತ್ತೆ, ನಡೆಯುತ್ತೆ ಅಂತ ಆರ್‌ಬಿಐ ಎಷ್ಟೋ ಸಲ ಹೇಳಿದೆ. ಆದರೂ ಒಂದು ಕಾಲದಲ್ಲಿ ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವರಿಗೆ ಕೊಟ್ಟರೆ ನಮ್ಮ ಮುಖವನ್ನೇ ಅನುಮಾನದಿಂದ ನೋಡುತ್ತಿದ್ದರು. ಯಾಕೆ ತಗೊಳ್ಳಲ್ಲ? ಮುಂದಿನವರು ನನ್ನಿಂದ ತಗೊಳ್ಳಲ್ಲ. ಅವರು ಯಾಕೆ ತಗೊಳ್ಳಲ್ಲ? ಅವರ ಮುಂದಿನವರು ತಗೊಳ್ಳಲ್ಲ. ಕೊನೆಯ ಮನುಷ್ಯ ಯಾರು ಅಂತ ಹುಡುಕಿದರೆ ಅಲ್ಲಿ ಯಾರೂ ಇರುವುದಿಲ್ಲ.

ಹಾಗಾದರೆ ನಿಯಮ ಮಾಡುವಾಗಲೇ ಮುಗಿಯುವ ದಿನ ಬರೆದಿಟ್ಟರೆ ಸಾಕಲ್ಲ ಅಂತ ನನಗೂ ಅನ್ನಿಸಿತ್ತು. ಮಂಡ್ಯದವನಾಗಿ ಹಾಗೆ ಅಂದುಕೊಂಡಿದ್ದಕ್ಕೆ ನಾನೇ ನಾಚಿಕೊಂಡೆ. ಮೈಸೂರು ಸಂಸ್ಥಾನಕ್ಕೂ ಮದ್ರಾಸಿಗೂ ಆದ 1924ರ ಕಾವೇರಿ ಒಪ್ಪಂದದಲ್ಲಿ 50 ವರ್ಷದ ಮಾತು ಬರೆದೇ ಇತ್ತು. 1974ಕ್ಕೆ 50 ತುಂಬಿತು. ಒಪ್ಪಂದ ಮುಗೀತು ಅಂತ ನಾವು, ಕೆಲವು ಅಂಶ ಮಾತ್ರ ಮತ್ತೆ ನೋಡಬೇಕು ಅಷ್ಟೇ ಅಂತ ಅವರು. 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಅದರ ಅಂತಿಮ ತೀರ್ಪು ಬಂತು, 1974ಕ್ಕೇ ಅದು ಮುಗಿದಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಫೆಬ್ರವರಿಯಲ್ಲಿ. ಮುಗಿದಿದೆ ಅಂತ ಹೇಳಿಸಿಕೊಳ್ಳಲು 44 ವರ್ಷ! ನಿಯಮ ಇದ್ದಷ್ಟು ಕಾಲ ಅದರಿಂದ ಯಾರಿಗೋ ಅನುಕೂಲ ಇದ್ದೇ ಇರುತ್ತೆ. ಅವರು ತಾರೀಖು ನೋಡಿಕೊಂಡು ಸುಮ್ಮನೆ ಎದ್ದು ಹೋಗುವುದಿಲ್ಲ. ನಾವು ಆ ಜಾಗದಲ್ಲಿದ್ದರೂ ಹೋಗುತ್ತಿರಲಿಲ್ಲ ಬಿಡಿ.

ಇನ್ನೊಂದು ವಿಷಯ. ನಮ್ಮ ಪಕ್ಕದ ಮನೆ ಅಂಕಲ್ ರೈಲ್ವೆಯಿಂದ ನಿವೃತ್ತರಾದವರು. ಪಿಂಚಣಿದಾರರು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡಬೇಕಲ್ಲ. 2014ರಿಂದ ಜೀವನ್ ಪ್ರಮಾಣ್ ಬಂದಿದೆ, ಈಗಂತೂ ಫೋನಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಿದರೆ ಆಯ್ತು. ನಾನೇ ಅವರಿಗೆ ಮಾಡಿಕೊಟ್ಟೆ. ಥ್ಯಾಂಕ್ಸ್ ಕಣಪ್ಪ ಅಂದರು. ಮಾರನೇ ಬೆಳಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬ್ಯಾಂಕಿಗೆ ಹೊರಟಿದ್ದರು! ಅಂಕಲ್, ನಿನ್ನೆನೇ ಆಯ್ತಲ್ಲ ಅಂದೆ. "ಅದು ಆಯ್ತಪ್ಪ. ನಮ್ಮ ವರ್ಕ್‌ಶಾಪಿನೋರೆಲ್ಲ ಇವತ್ತೇ ಬರ್ತಾರೆ. ಹೋಗ್ಲಿಲ್ಲ ಅಂದ್ರೆ ನಾನು ಹೋದೆ ಅಂದ್ಕೋತಾರೆ" ಅಂದರು. ಬ್ಯಾಂಕಿನ ಬೆಂಚಿನ ಮೇಲೆ ಒಂದು ಗಂಟೆ, ಆಮೇಲೆ ಎಲ್ಲರೂ ಸೇರಿ ಮಸಾಲೆ ದೋಸೆ, ಬೈಟು ಕಾಫಿ. ಈ ವರ್ಷ ಯಾರು ಬಂದಿಲ್ಲ ಅಂತ ಲೆಕ್ಕ. ಬ್ಯಾಂಕಿಗೆ ಬೇಕಾದ ಸಾಕ್ಷಿ ಬೇರೆ, ಇವರಿಗೆ ಬೇಕಾದ ಸಾಕ್ಷಿ ಬೇರೆ. ಫೋನಿನಲ್ಲಿ ಮೊದಲನೆಯದು ಮಾತ್ರ ಆಗುತ್ತೆ.

ದಸರಾನೂ ಹಾಗೇ ಅಲ್ವಾ. ರಾಜರ ಸಂಸ್ಥಾನಗಳು ವಿಲೀನವಾದವು, 1971ರಲ್ಲಿ ಸರ್ಕಾರ ರಾಜರಿಗೆ ಕೊಡುತ್ತಿದ್ದ ರಾಜಧನವೂ ರದ್ದಾಯಿತು. ಮಹಾರಾಜರು ಆನೆ ಮೇಲೆ ಕೂತು ಬನ್ನಿಮಂಟಪಕ್ಕೆ ಹೋಗುವುದಕ್ಕೆ ಕಾರಣವೇ ಉಳಿಯಲಿಲ್ಲ. ಅಲ್ಲಿಗೆ ಮುಗಿಯಿತು ಅನ್ನಬಹುದಿತ್ತು. ಆದರೆ ಆ ಹೊತ್ತಿಗೆ ಮೆರವಣಿಗೆಯನ್ನು ನೆಚ್ಚಿಕೊಂಡವರು ಎಷ್ಟು ಜನ! ಮಾವುತರು, ಕಲಾತಂಡದವರು, ಹೂವಿನವರು, ಲಾಡ್ಜಿನವರು, ಬಲೂನು ಮಾರುವವರು, ಹಿಂದಿನ ರಾತ್ರಿಯೇ ಫುಟ್‌ಪಾತಿನಲ್ಲಿ ಚಾಪೆ ಹಾಸುವ ನಮ್ಮಂಥವರು. 750 ಕೆಜಿಯ ಅಂಬಾರಿ ಹಾಗೇ ಉಳಿಯಿತು, ಆನೆ ಉಳಿಯಿತು, ದಾರಿ ಉಳಿಯಿತು, ಒಳಗೆ ಚಾಮುಂಡೇಶ್ವರಿ ಬಂದಳು. ಯಾರಿಗೆ ಹೊಳೆಯಿತೋ ಅವರಿಗೆ ಒಂದು ನಮಸ್ಕಾರ.

ಹಾಗಂತ ಎಲ್ಲ ಹಳೇದಕ್ಕೂ ಮಂಗಳಾರತಿ ಎತ್ತುವವನು ನಾನಲ್ಲ. ಆ ಯಜಮಾನರ ಎರಡು ದಿನದ ಕೂಲಿಯಲ್ಲಿ ಯಾವ ಸಂಸ್ಕೃತಿಯೂ ಇಲ್ಲ. ಕಚೇರಿಯ ಅಧಿಕಾರಿ "ಇನ್ಮೇಲೆ ಇದು ಬೇಡ, ಆಡಿಟ್‌ಗೆ ನಾನು ಉತ್ತರ ಕೊಡ್ತೀನಿ" ಅಂತ ಒಂದು ಸಾಲು ಬರೆದು ಸಹಿ ಹಾಕಿ ಗೋಡೆಗೆ ಅಂಟಿಸಿದರೆ ಆ ಗುಮಾಸ್ತರು ನಾಳೆಯೇ ಬಿಡುತ್ತಾರೆ, ಖುಷಿಯಾಗಿ ಬಿಡುತ್ತಾರೆ. ನಮ್ಮಲ್ಲಿ ಕೊರತೆ ಇರುವುದು ಅಂಥ ಸಹಿಗೆ. ನಾವು ಕೆಳಗಿನವರನ್ನು ಬೈದುಕೊಂಡು ಮನೆಗೆ ಬರುತ್ತೇವೆ. ನಾನೂ ಅವತ್ತು ಅದನ್ನೇ ಮಾಡಿದ್ದು. ಪರಿಚಯದ ಒಬ್ಬ ಲೆಕ್ಚರರ್ ಹತ್ತಿರ ಹೋಗಿ ಸಹಿ ಹಾಕಿಸಿಕೊಂಡು ಬಂದು ಅರ್ಜಿ ಕೊಟ್ಟುಬಿಟ್ಟೆ. ಮೇಲಧಿಕಾರಿ ಕೋಣೆ ಹತ್ತು ಹೆಜ್ಜೆಯಲ್ಲಿತ್ತು, ಬಾಗಿಲೂ ತೆಗೆದಿತ್ತು. ಹೋಗಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣ ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿ. 2020ರ ಲಾಕ್‌ಡೌನಿನಲ್ಲಿ ಅಂಗಡಿ ಮುಂದೆ ಹಳದಿ ಬಣ್ಣದಲ್ಲಿ ದುಂಡಗೆ ವೃತ್ತ ಬರೆದಿದ್ದರು, ಆರಡಿಗೆ ಒಂದು. ಕೊರೊನಾ ಹೋಯ್ತು, ಮಾಸ್ಕ್ ಹೋಯ್ತು, ವೃತ್ತ ಉಳಿಯಿತು. ಜನ ಅದರಲ್ಲಿ ನಿಲ್ಲುವುದಿಲ್ಲ, ಚೀಲ ಇಡುತ್ತಾರೆ. ಬೆಳಗ್ಗೆ ಆರಕ್ಕೇ ಬಂದು ವೃತ್ತಕ್ಕೊಂದು ಚೀಲ, ಗಾಳಿಗೆ ಹಾರದಿರಲಿ ಅಂತ ಮೇಲೊಂದು ಕಲ್ಲು. ವಾರಸುದಾರರು ಎದುರಿನ ಜಗಲಿ ಮೇಲೆ ಹರಟುತ್ತಾ ಕೂತಿರುತ್ತಾರೆ. ವೃತ್ತದ ಹೊರಗೆ ಇಟ್ಟ ಚೀಲಕ್ಕೆ ಸಾಲಿನಲ್ಲಿ ಜಾಗ ಇಲ್ಲ, ಇದನ್ನು ಯಾರೂ ಬರೆದಿಲ್ಲ, ಆದರೆ ಒಂದು ಸಲ ಮೀರಿ ನೋಡಿ, ಜಗಲಿ ಮೇಲಿನ ಹೆಂಗಸರು ಬಿಡಿಸಿ ಹೇಳುತ್ತಾರೆ. ಬಣ್ಣ ಪೂರ್ತಿ ಮಾಸಿತ್ತು. ಮೊನ್ನೆ ಹಬ್ಬಕ್ಕೆ ಅಂಗಡಿಗೆ ಸುಣ್ಣ ಹೊಡೆಸಿದಾಗ ವೃತ್ತಗಳನ್ನೂ ಹೊಸದಾಗಿ ಬರೆಸಿದ್ದಾರೆ. ಈ ಸಲ ಒಂದಕ್ಕೊಂದು ಅಂಟಿಕೊಂಡ ಹಾಗೆ, ಒಂದೊಂದು ಅಡಿಗೆ ಒಂದು. ಚೀಲಕ್ಕೆ ಅಷ್ಟು ಸಾಕು.